ಒಂದು ಟನ್ ತೂಕದ ಗಂಟೆ

ಬೇಲೆಕೇರಿ ಶಾಲೆಗೆ ನೂರಿಪ್ಪತ್ತೈದು.
ಸ್ಮರಣ ಸಂಚಿಕೆಯ ಟೈಪಿಂಗು ನನ್ನದು,
ಅಂಕೋಲೆ ಬಸ್‌ಸ್ಟ್ಯಾಂಡಿನ ಹಿಂದೆ
ಝೆರಾಕ್ಸ್ ಅಂಗಡಿಯ ಅಟ್ಟದಲ್ಲಿ.
‘ಊರಿನ ಮಹನೀಯರು’ ಎಂಬ ಭಾಗಕ್ಕೆ ಹದಿನಾರು ಪುಟ.
ಪೂರ್ತಿ ಪುಟಕ್ಕೆ ಎರಡು ಸಾವಿರ, ಅರ್ಧಕ್ಕೆ ಹನ್ನೆರಡು ನೂರು,
ಫೋಟೊ ಇಲ್ಲದವರಿಗೆ ದೀಪದ ಚಿತ್ರ ಉಚಿತ.

ಒಂದು ಈಶಾಡ ಮಾವಿನ ಮರಕ್ಕಾಗಿ
ಕಾರವಾರದ ಕೋರ್ಟಿಗೆ ಹತ್ತೊಂಬತ್ತು ವರ್ಷ ಅಲೆದು
ಗೆದ್ದು ಬಂದ ಬೀರಣ್ಣ ನಾಯಕರು
(ಮರ ಅಷ್ಟರಲ್ಲಿ ಬಿದ್ದಿತ್ತು; ಅದನ್ನು ಮಕ್ಕಳು ಬರೆದುಕೊಟ್ಟಿಲ್ಲ).
ಲಾಂಚಿನ ಇಂಜಿನಿಗೆ ಕಿವಿಯಿಟ್ಟೇ
ಕಾಯಿಲೆ ಹೇಳುತ್ತಿದ್ದ ಪಾಸ್ಕು ಫರ್ನಾಂಡಿಸ್.
ಎರಡು ಚುನಾವಣೆ ಸೋತು, ಎರಡು ಸಲವೂ
ಊರಿಗೆ ಪಾಯಸ ಹಾಕಿಸಿದ ಗಣಬಾ ಹರಿಕಂತ್ರ.
ಇಡೀ ಕೇರಿಗೆ ಮೊದಲ ರೇಡಿಯೊ ತಂದು
ಕಿಟಕಿ ಮಾತ್ರ ತೆರೆದಿಟ್ಟ ರಾಮಚಂದ್ರ ಮಹಾಲೆ.

ಈ ಮಹಾಲೆಯವರ ಅಜ್ಜನದೇ ಶಾಲೆಯ ಗಂಟೆ.
ಸಮಿತಿಯ ಉಪಾಧ್ಯಕ್ಷರು ಬರೆದುಕೊಟ್ಟಿದ್ದಾರೆ:
‘ಒಂದು ಟನ್ ತೂಕದ ಗಂಟೆ, ದಾನ.’
ಹೋಗಿ ನೋಡಿದೆ. ಎರಡು ಕೈಯಲ್ಲಿ ಎತ್ತಬಹುದು.
ಅಂಚಿನ ಸುತ್ತ ಇಂಗ್ಲಿಷ್ ಅಕ್ಷರವಿದ್ದ ಗುರುತು;
ಉಳಿದದ್ದು ಕೊನೆಯ ಮೂರೇ: ಟನ್.
ಹೊಡೆದರೆ ಅದೂ ಅಷ್ಟೇ ಹೇಳುತ್ತದೆ.

ಗುಡಿಗಾರ ಮಾಸ್ತರರ ಪ್ರಕಾರ ಅದೊಂದು ಊರಿನ ಹೆಸರಿನ ಬಾಲ.
ಅಮೆರಿಕದವರು ತಮ್ಮತಮ್ಮಲ್ಲೇ ಕಾದಾಡಿದ ಕಾಲಕ್ಕೆ
ಘಟ್ಟದ ಮೇಲಿನ ಹತ್ತಿಗೆ ಬಂಗಾರದ ಬೆಲೆ ಬಂದು,
ಒಯ್ಯಲು ಬಂದ ಹಡಗೊಂದು ಅಳಿವೆಯ ಹೊರಗೆ ಒಡೆದಿತ್ತಂತೆ.
ಟನ್ನಿನಲ್ಲಿ ಮುಗಿಯುವ ಊರು ಅಲ್ಲಿ ಎಷ್ಟೋ,
ನಮ್ಮಲ್ಲಿ ಕೇರಿ, ಗದ್ದೆ, ಕೊಡ್ಲದಲ್ಲಿ ಮುಗಿಯುವಷ್ಟು.

ಅಲ್ಲೂ ಒಬ್ಬ ಕೂತಿರಬಹುದು ನನ್ನ ಹಾಗೆ,
ಒಂದು ಬೀದಿ, ಒಂದು ಗಿರಣಿ, ಎರಡು ಚರ್ಚಿನ ಊರಿನ
ದೊಡ್ಡವರನ್ನು ಪುಟಕ್ಕೆ ಹೊಂದಿಸುತ್ತ:
‘ಗಂಟೆ ಎರಕ ಹೊಯ್ಯುತ್ತಿದ್ದರು. ಕಿವಿ ಕೇಳುತ್ತಿರಲಿಲ್ಲ.
ಎರಡು ಸಲ ಮೇಯರ್.’
ಗಂಟೆಗಳೆಲ್ಲ ಎಲ್ಲಿ ಹೋದವೆಂದು
ಅವನಿಗೆ ಯಾರೂ ಬರೆದುಕೊಟ್ಟಿರಲಾರರು.

ಮಂಗಳವಾರ ತುಳಸು ಆಗೇರ ಬಂದಳು,
ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟು.
ಬುಟ್ಟಿಯಲ್ಲಿ ಮಾರಿ ಉಳಿದ ಉಪ್ಪು.
ಹೆಸರು ಸೇರಿಸಿ ಎನ್ನುತ್ತಾಳೆ ಅಂದುಕೊಂಡೆ.
“ಆ ಗಂಟೆ ಸಿಕ್ಕಿದ್ದು ನಮ್ಮ ಮುತ್ತಜ್ಜಂಗೆ, ತಮಾ,
ಆಗರದ ಕೆಸರಲ್ಲಿ. ಮಹಾಲೆಯವ್ರು ಒಂದು ಕೊಳಗ ಅಕ್ಕಿ ಕೊಟ್ಟು ಒಯ್ದ್ರು.
ಅದಿರ್ಲಿ ಬಿಡು. ಅಕ್ಕಿ ಕೊಟ್ಟಿದ್ರಲ್ಲ.”

ಅವಳು ಬಂದದ್ದು ಅಕ್ಷರದ ಸಂಗತಿಗೆ.
ಸವೆದದ್ದಲ್ಲವಂತೆ; ತಿಕ್ಕಿದ್ದು.
ಅವಳವ್ವಿ ಸೋಮಿ, ನಲವತ್ತು ವರ್ಷ ಶಾಲೆ ಗುಡಿಸಿದವಳು,
ಪ್ರತಿ ಆಗಸ್ಟು, ಪ್ರತಿ ಜನವರಿ
ಬಾವುಟ ಏರುವ ಹಿಂದಿನ ಸಂಜೆ
ಮುರುಗಲ ಸಿಪ್ಪೆ, ಒಲೆಯ ಬೂದಿ, ತಮ್ಮದೇ ಆಗರದ ಉಪ್ಪು ಹಾಕಿ
ಗಂಟೆಯಲ್ಲಿ ಮುಖ ಕಾಣುವ ತನಕ.
“ಅಕ್ಷರದ ಸಂದೀಲಿ ಕಿಲುಬು ಕೂರ್ತಿತ್ತು. ಅವ್ವಿಗೆ ಅದೇ ಸಿಟ್ಟು.
ಓದೂಕೆ ಬರ್ತಿದ್ರೆ ಬಿಡ್ತಿದ್ಲೋ ಏನೋ.”

ಒಂದು ಸಾಲಿಗೆ ಎಷ್ಟು ಎಂದು ಕೇಳಿದಳು.
ಒಂದು ಸಾಲಿಗೆ ದರ ಇಟ್ಟಿಲ್ಲ ನಾವು.
ಉಪ್ಪು ಒಂದು ಸೇರು ಅಳೆದು ಕೊಟ್ಟು ಹೋದಳು.

ಮಹಾಲೆ ಅಜ್ಜನ ರುಮಾಲಿನ ಫೋಟೊ ಚೂರು ಮೇಲೆ ಸರಿಸಿದೆ.
ಕೆಳಗೆ, ಹತ್ತು ಪಾಯಿಂಟಿನಲ್ಲಿ:
‘ಗಂಟೆ ತಿಕ್ಕಿದವರು: ಸೋಮಿ ಆಗೇರ.’

ಪ್ರೂಫು ಇವತ್ತು ವಾಪಸು ಬಂತು.
ಒತ್ತಕ್ಷರ, ದೀರ್ಘ ಎಲ್ಲವನ್ನೂ ಮಾಸ್ತರರು
ಕೆಂಪು ಶಾಯಿಯಲ್ಲಿ ತಿದ್ದಿದ್ದಾರೆ.
ಒಂದು ಟನ್ ಒಂದು ಟನ್ನೇ ಆಗಿ ಉಳಿದಿದೆ.
ಸೋಮಿಯ ಪಕ್ಕದಲ್ಲಿ ಮಾತ್ರ ಒಂದು ಪ್ರಶ್ನಾರ್ಥಕ,
ಅದೂ ಪೆನ್ಸಿಲಿನಲ್ಲಿ, ಹಗುರಾಗಿ.

ಡ್ರಾವರಿನಲ್ಲಿ ರಬ್ಬರು ಹುಡುಕುತ್ತಿದ್ದೇನೆ.